ಬಿಚ್ಚದಂಗ ನೋಡಿ ಹೇಳ್ರಿ

ನನಗೊಂದು ಕೆಟ್ಟ ಚಟ ಐತಿ. ಯಾರರ ಎದುರು ಬಂದ್ರ ಮಂದಿ ಮೊದಲ ಮಾರಿ ನೋಡ್ತಾರ. ನನ್ನ ಕಣ್ಣು ಮಾತ್ರ ಸೀದಾ ಅವರ ಮಣಿಕಟ್ಟಿಗೆ ಹೋಗಿ ಅಲ್ಲೇ ಠಿಕಾಣಿ ಹೂಡತಾವ. ಮದುವಿ ಇರಲಿ, ಮಣ್ಣಿರಲಿ, ನನಗ ಮೊದಲ ಕಾಣೂದು ವಾಚು. ಅದನ್ನ ಕಟ್ಟಿಕೊಂಡಾವ ಯಾರು ಅನ್ನೂದು ಆಮ್ಯಾಲೆ. ನಮ್ಮಾಕಿ ನಾಕ ಮಂದ್ಯಾಗ ಮೊಳಕೈಲೆ ತಿವಿದು ತಿವಿದು ಸಾಕಾಗಿ ಬಿಟ್ಟುಬಿಟ್ಟಾಳ. "ಕಿಸೆ ಕತ್ತರಿಸೋರು ನೋಡಿದಂಗ ನೋಡ್ತೀರಲ್ರೀ, ಕನ್ನಡಾ ಕಲಿಸಿದ ಮಾಸ್ತರ ನೀವು, ಸ್ವಲ್ಪರ ಖಬರ್ ಬ್ಯಾಡೇನು?" ಅಂತಾಳ. ಬ್ಯಾರೆ ವಿಷಯದಾಗ ಆಕಿ ಮಾತು ನಾ ಅಷ್ಟು ಸುಲಭಕ್ಕ ಒಪ್ಪಾವಲ್ಲ. ಇದೊಂದು ಒಪ್ಪತೀನಿ.

ಇದರಾಗ ತಮಾಷೆ ಏನಪಾ ಅಂದ್ರ, ನನ್ನ ಕೈಯಾಗ ವಾಚಿಲ್ಲ. ನೌಕರಿ ಮಾಡೂ ಮುಂದೂ ಇರಲಿಲ್ಲ. ಪಾಠ ಹೇಳ್ತಾ ಹೇಳ್ತಾ ನಡಕ ನಿಲ್ಲಿಸಿ "ಟೈಮ್ ಎಷ್ಟಾತೋ ಯಪ್ಪಾ" ಅಂತ ಹುಡುಗರನ್ನ ಕೇಳ್ತಿದ್ದೆ. ಅವರೂ ಬೆರಕಿ, ಹತ್ತು ಮಿನಿಟು ಮುಂದಿಟ್ಟ ಹೇಳತಿದ್ರು. ನನಗೂ ಅದು ಗೊತ್ತಿತ್ತು. ವ್ಯಾಕರಣ ಪಾಠ ಹತ್ತು ಮಿನಿಟು ಮೊದಲ ಮುಗಿಸಿದ್ರ ಯಾರಿಗೂ ಲುಕ್ಸಾನಿಲ್ಲ ಅಂತ ಸುಮ್ಮನಿರ್ತಿದ್ದೆ.

ಚಟ ಬಂದದ್ದು ನಮ್ಮ ಅಬ್ಬಾನ ಕಡಿಂದ. ಗಂಗಾವತ್ಯಾಗ, ಒಂದು ಕಿರಾಣಿ ಅಂಗಡಿ ಮೆಟ್ಟಿಲ ಬುಡಕ, ಅಬ್ಬಾಂದು ವಾಚ್ ರಿಪೇರಿ ಅಂಗಡಿ ಇತ್ತು. ಅಂಗಡಿ ಅನ್ನೂದು ದೊಡ್ಡ ಮಾತಾತು. ಒಂದು ಗಾಜಿನ ಪೆಟ್ಟಿಗಿ, ಅದರ ಹಿಂದ ಅಬ್ಬಾ, ಅಬ್ಬಾನ ಹಿಂದ ಗ್ವಾಡಿ. ಎದ್ದು ನಿಂತ್ರ ತಲಿ ಮೆಟ್ಟಿಲಿಗೆ ಬಡೀತಿತ್ತು, ಅದಕ್ಕ ಮುಂಜಾನಿಂದ ಸಂಜೀತನಾ ಕುಂತ ಇರ್ತಿದ್ದ. ನಾ ಸಾಲಿ ಬಿಟ್ಟ ಕೂಡ್ಲೆ ಅಲ್ಲಿಗೆ ಹೋಗಿ ಪೆಟ್ಟಿಗಿ ಬಾಜೂಕ ಗೋಣಿಚೀಲದ ಮ್ಯಾಲೆ ಕುಂದರತಿದ್ದೆ. ವಾಚಿನ ಗಾಲಿ ತೊಳಿಯೂ ಪೆಟ್ರೋಲಿನ ವಾಸನಿ ಮೂಗಿಗೆ ಏರಿ, ಹೋಂವರ್ಕು ಮಾಡೂ ಮುಂದ ಹಿತ ಆಗಿ ನಿದ್ದಿ ಬರ್ತಿತ್ತು. ಇವತ್ತಿಗೂ ಪೆಟ್ರೋಲ್ ಬಂಕಿಗೆ ಹೋದ್ರ ನನಗ ನಮ್ಮಪ್ಪನ ನೆನಪಾಗತೈತಿ. ಯಾರಿಗೆ ಹೇಳೂದು ಇದನ್ನ, ನಗ್ತಾರ.

ಗಂಗಾವತ್ಯಾಗ ಫಾರಿನ್ ವಾಚಿಗೇನು ಕೆಲಸ ಅಂತೀರೇನು? ಕಾಲುವಿ ನೀರು ಬಂತು, ನೀರಿನ ಹಿಂದ ಭತ್ತ ಬಂತು, ಭತ್ತದ ಹಿಂದ ಆಂಧ್ರದ ಕಡಿಯಿಂದ ಮಂದಿ ಬಂದ್ರು, ಅಕ್ಕಿ ಮಿಲ್ಲು ಎದ್ದ್ವು. ಮಿಲ್ಲಿನ ಹಿಂದ ಫಾರಿನ್ ವಾಚು ತಾವ ಬಂದ್ವು. ಕುಂಡಿಗೆ ದೂಳ ಹತ್ತಿದ ಪಂಚೆ, ಕೈಯಾಗ ಮಾತ್ರ ಥಳಥಳ ಹೊಳಿಯೂ ವಾಚು. ಅವು ಹಗುರಕ ಅಬ್ಬಾನ ಪೆಟ್ಟಿಗಿ ಮ್ಯಾಲೆ ಬಂದು ಕುಂದರತಿದ್ದುವು.

ಅಬ್ಬಾಂದು ಒಂದು ಕಾಯಿದೆ ಇತ್ತು. ತುಟ್ಟಿ ವಾಚ್ ಬಂದ್ರ ಮೊದಲ ಬಿಚ್ಚತಿರಲಿಲ್ಲ. ಬಿಚ್ಚದಂಗ ನೋಡಿ, ಇದು ಅಸಲಿ ಐತೋ ನಕಲಿ ಐತೋ ಮಾಲಕರ ಮುಂದ ಹೇಳಿ, ಅವರು ಹೂಂ ಅಂದ ಮ್ಯಾಲೇ ಹಿಂದಿನ ಮುಚ್ಚಳಕ್ಕ ಕೈ ಹಚ್ಚತಿದ್ದ. ಯಾಕಂದ್ರ ಸಣ್ಣ ಊರಾಗ ವಾಚ್ ರಿಪೇರಿಯಾಂವಗ ಒಂದ ಮಾತಿನ ಅಂಜಿಕಿ: "ಒಳಗಿನ ಮಾಲು ಬದಲಿ ಮಾಡ್ಯಾನ." ಆ ಮಾತು ಒಮ್ಮಿ ಬಂತಂದ್ರ ಮುಗೀತು, ಮರುದಿನ ಅಂಗಡಿ ಕದಾ ಹಾಕಬೇಕು. ಹಿಂಗಾಗಿ ಬಿಚ್ಚದ ನೋಡೂ ವಿದ್ಯಾ ಅಬ್ಬಾ ಹೊಟ್ಟಿಪಾಡಿಗೆ ಕಲ್ತದ್ದು, ಶೋಕಿಗಲ್ಲ.

ಮೊದಲ ಕಣ್ಣು ಮುಚ್ಚಿ ಅಂಗೈಯಾಗ ತೂಗತಿದ್ದ. ಆಮ್ಯಾಲೆ ಬಾಜೂಕಿನ ಕೀಲಿ ತಿರುವತಿದ್ದ. ಅದು ಬೆಣ್ಯಾಗ ಬೆರಳು ಆಡಿದಂಗ ತಿರುಗಬೇಕು, ಗರಗರ ಅನಬಾರದು. ಆಮ್ಯಾಲೆ ಕಣ್ಣಿಗೆ ಭೂತಗನ್ನಡಿ ಸಿಗಿಸಿ ಅಕ್ಷರದ ಅಂಚು ನೋಡತಿದ್ದ. ಕಡೀಕ, ಇದು ನಮ್ಮ ಅಬ್ಬಾನ ಸ್ವಂತದ್ದು, ಎರಡೂ ಕಿವ್ಯಾಗ ಬೆರಳು ಇಟ್ಟುಕೊಂಡು ವಾಚಿನ ಅಂಚನ್ನ ಮುಂದಿನ ಹಲ್ಲಿಲೆ ಕಚ್ಚಿ ಹಿಡೀತಿದ್ದ. ಸಪ್ಪಳ ಹಲ್ಲಿನಗುಂಟ ತಲಿಯೊಳಗ ಇಳೀತೈತಿ, ಸಂತಿ ಗದ್ದಲ ಏನೂ ಅಡ್ಡ ಬರಂಗಿಲ್ಲ. ಹೊಸದಾಗಿ ಬಂದ ಗಿರಾಕಿಗಳು, ಈ ಸಾಬ ನನ್ನ ವಾಚ್ ತಿನ್ನಾಕತ್ಯಾನಲ್ಲೋ ಅಂತ ಗಾಬರ್ಯಾಗಿ ನೋಡತಿದ್ರು.

ಅಪ್ಪ ಮಾಡಿದ್ದು ಮಗ ಮಾಡದ ಬಿಡ್ತಾನೇನು? ಮನ್ಯಾಗ ಒಂದು ಗಂಟಿ ಹೊಡಿಯೂ ಟೈಂಪೀಸ್ ಇತ್ತು. ಅಮ್ಮಿ ಅಡಗಿ ಮನ್ಯಾಗಿದ್ದಾಗ ನಾ ಕಿವ್ಯಾಗ ಬೆರಳಿಟ್ಟು, ಅದರ ಕಾಲನ್ನ ಹಲ್ಲಿಲೆ ಕಚ್ಚಿ ಹಿಡದೆ. ಅದಕ್ಕೂ ಅದ ಹೊತ್ತಿಗೆ ಗಂಟಿ ಹೊಡಿಯೂದಿತ್ತು. ತಲಿಬುರುಡ್ಯಾಗ ಗುಡಿ ಗಂಟಿ ಬಡದಂಗಾತು. ಟೈಂಪೀಸು ಒಂದು ಕಡಿ, ನಾ ಒಂದು ಕಡಿ. ಮುಂದಿನ ಹಲ್ಲಿನ ಮೂಲಿ ಮುರದದ್ದು ಈಗೂ ಹಂಗ ಐತಿ, ನೋಡೂದಿದ್ರ ಮನಿಗೆ ಬರ್ರಿ, ತೋರಸ್ತೀನಿ.

ಒಮ್ಮಿ ಮಿಲ್ಲಿನ ರೆಡ್ಡಿಯೊಬ್ಬರು ಬಂದಿದ್ರು. ಅಳಿಯ ಕೊಟ್ಟ ವಾಚು. ಪೆಟ್ಟಿಗಿ ಮ್ಯಾಲಿಟ್ಟು, ಅಕ್ಕಪಕ್ಕದವರಿಗೂ ಕೇಳಲಿ ಅನ್ನೂ ದನಿಲೆ "ಅಸಲೀನಾ?" ಅಂದ್ರು. ಅಬ್ಬಾ ತೂಗಿದ, ತಿರುವಿದ, ನೋಡಿದ, ಹಲ್ಲಿಗೆ ಹಿಡದ. ಆಮ್ಯಾಲೆ ತನ್ನ ಅಂಗಿ ತುದಿಲೆ ಅದನ್ನ ಒರಸಿ, ತಾನ ರೆಡ್ಡಿಯವರ ಕೈಗೆ ಕಟ್ಟಿ, "ಇದನ್ನ ಬಿಚ್ಚೂದು ಬ್ಯಾಡ್ರಿ. ಅಳಿಯಾ ಪ್ರೀತಿಲೆ ಕೊಟ್ಟಾನ, ಪ್ರೀತಿಲೆ ಕಟ್ಟಿಕೋರಿ" ಅಂದ. ರೆಡ್ಡಿಯವರ ಮಾರಿ ಇಷ್ಟ ಸಣ್ಣಾತು. ಅಂಗಿ ತೋಳು ಇಳಿಸಿಕೊಂಡು ಹೋದ್ರು. ನಾ ಅಬ್ಬಾಗ, ಅದು ಖೊಟ್ಟಿ ಇತ್ತೇನು ಅಂತ ಕೇಳಿದೆ. "ನಾ ಹಂಗ ಅಂದ್ನೇನು?" ಅಂತ ನನಗ ಬೈದು, ಬೀಡಿ ಸೇದಾಕ ಹೊರಗ ಹೋದ.

ಮುಂದ ಸೆಲ್ಲಿನ ವಾಚು ಬಂದ್ವು, ಮೆಟ್ಟಿಲ ಬುಡಕಿನ ಅಂಗಡಿ ಸೊರಗಿತು. ಅಬ್ಬಾ ಕಡೀ ಕಾಲಕ್ಕ ದಿನಾ ಸೆಲ್ ಹಾಕೂದು, ಬೆಲ್ಟ್ ಹಾಕೂದು, ಇಷ್ಟ ಮಾಡಿದ. ಕೈ ನಡುಗಾಕ ಹತ್ತಿದ ಮ್ಯಾಲೆ ಅದೂ ನಿಂತು, ಬಾಗಿಲದಾಗ ಕುಂತು ಹೋಗಿ ಬರೋರ ಮಣಿಕಟ್ಟು ನೋಡೂದೊಂದ ಉಳೀತು. ಅಬ್ಬಾ ಹೋದ ಮ್ಯಾಲೆ ಭೂತಗನ್ನಡಿ ನನ್ನ ಪಾಲಿಗೆ ಬಂತು, ಚಟಾನೂ ಬಂತು. ನಾ ನೌಕರಿ ಮ್ಯಾಲೆ ಕೊಪ್ಪಳಕ್ಕ ಬಂದು ಇಲ್ಲೇ ಮನಿ ಮಾಡಿದೆ.

ಈಗಿನ ಕಾಲಕ್ಕ ನನ್ನ ವಿದ್ಯಾ ಅರ್ಧಾ ಸುಳ್ಳಾಗೇತಿ. ಆವಾಗ ಸೆಕೆಂಡ್ ಮುಳ್ಳು ಟಕ್ ಟಕ್ ಅಂತ ಜಿಗದ್ರ ಒಳಗ ಸೆಲ್ ಐತಿ, ಹಗುರಕ ಜಾರಿದ್ರ ಗಾಲಿ ಅದಾವ ಅಂತ ಕಣ್ಣು ಮುಚ್ಚಿ ಹೇಳಬಹುದಿತ್ತು. ಈಗಿನ ನಕಲಿನೂ ಜಾರತಾವ, ನಕಲಿನೂ ಭಾರ ಅದಾವ. ಕುಷ್ಟಗ್ಯಾಗ ಒಂದು ಮದುವ್ಯಾಗ ಮದುಮಗಳ ಮಾವನೊಬ್ಬಾಂವ ಪ್ರತಿ ಫೋಟೋಕ್ಕೂ ಅಂಗಿ ತೋಳು ಏರಿಸಿ ಕೈ ಮುಂದ ಮಾಡತಿದ್ದ. ತಾರೀಖಿನ ಅಂಕಿ ಕಿಟಕ್ಯಾಗ ಓರೆ ಆಗಿ ಕುಂತಿತ್ತು. ಅಷ್ಟು ಕಿಮ್ಮತ್ತಿನ ವಾಚ್ ಮಾಡೋರು ಅಂಕಿ ಓರೆ ಬಿಡಂಗಿಲ್ಲ. ನನ್ನ ನಾಲಗಿ ತುರಸ್ತು. ನಮ್ಮಾಕಿ ತಟ್ಟಿನಾಗಿನ ಹೋಳಿಗಿ ನನ್ನ ಬಾಯಾಗ ತುರುಕಿ ಸಂಬಂಧ ಉಳಿಸಿದಳು.

ಇಷ್ಟೆಲ್ಲಾ ನಕ್ಕೋತ ಹೇಳಿದೆ ಖರೇ. ಹೇಳಬೇಕು ಅಂತ ಕುಂತದ್ದು ಬ್ಯಾರೆ. ಮುಂದಿಂದು ಹೇಳಾಕ ನನಗ ಮನಸ್ಸಿಲ್ಲ, ಹೇಳದಿದ್ರ ಸಮಾಧಾನಿಲ್ಲ, ಅದಕ್ಕ ಮೆಟ್ಟಿಲು, ಮಿಲ್ಲು ಅಂತ ಸುತ್ತು ಹಾಕಿದೆ.

ಯಮನೂರಪ್ಪ ಮೂಲ ಬೇವೂರಿನಾಂವ. ಗಿಣಿಗೇರಾದ ಕಡಿ ಕಬ್ಬಿಣದ ಫ್ಯಾಕ್ಟರಿ ಎದ್ದ ಮ್ಯಾಲೆ ಹೇಣ್ತಿ ಹುಲಿಗೆವ್ವನ್ನ ಕರಕೊಂಡು ಅಲ್ಲಿಗೆ ಬಂದು, ಒಂದು ಫ್ಯಾಕ್ಟರ್ಯಾಗ ಮಾಲು ಇಳಿಸೂ ಕೆಲಸಕ್ಕ ಸೇರಿಕೊಂಡ. ಇಬ್ಬರು ಗಂಡುಮಕ್ಕಳು. ದೊಡ್ಡಾಂವ ಹನುಮೇಶ, ನನ್ನ ಶಿಷ್ಯ. ಟೈಮ್ ಕೇಳಿದ್ರ ಹತ್ತು ಮಿನಿಟು ಮುಂದಿಟ್ಟು ಹೇಳತಿದ್ದ ಗುಂಪಿನ ಮುಖಂಡ ಅಂವನ. ಕುಂತಲ್ಲಿ ಕುಂದರಾಂವಲ್ಲ. ಅವನ ಸಲುವಾಗಿ ನಾ ಎಷ್ಟು ಬೆತ್ತ ಹಾಳು ಮಾಡೇನೋ, ಹೊರಗ ಸಿಕ್ರ ಅಷ್ಟ ಪ್ರೀತಿಲೆ ಓಡಿ ಬಂದು ಗಾಡಿಗೆ ಅಡ್ಡ ನಿಂದರತಿದ್ದ. ದೊಡ್ಡಾಂವ ಆದ ಮ್ಯಾಲೆ ಅಪ್ಪನ ಫ್ಯಾಕ್ಟರಿಗೇ ಸೇರಿದ. ಒಂದು ದಿನ ಮಾಲು ಒಯ್ಯೂ ಬೆಲ್ಟಿನಾಗ ಸಿಕ್ಕ.

ಸುದ್ದಿ ಕೇಳಿ ನಾನೂ ಹೋಗಿದ್ದೆ. ಗಿಣಿಗೇರಾದಾಗ ಮನಿ ಮುಂದ ಒಣ ಹಾಕಿದ ಬಿಳಿ ಬಟ್ಟಿ ಮ್ಯಾಲೆ ಫ್ಯಾಕ್ಟರಿ ಮಸಿ ಕುಂತಿತ್ತು, ಯಾರೂ ತಗದಿರಲಿಲ್ಲ. ದವಾಖಾನಿಂದ ಹೆಣ ತರೂದಕ್ಕ ತಡ ಆತು. ಕೊಯ್ಯದ ಕೊಡಂಗಿಲ್ಲ ಅಂತ ಕಾಯಿದೆ. ಹುಲಿಗೆವ್ವ, ನನ್ನ ಕೂಸಿಗೆ ಇನ್ನ ಕೊಯ್ಯೂದ್ಯಾಕ, ಆಗಿದ್ದು ಎಲ್ಲಾರಿಗೂ ಗೊತ್ತೈತಲ್ಲ ಅಂತ ಬಂದವರ ಕಾಲೆಲ್ಲಾ ಹಿಡದ್ಲು. ನನ್ನ ಕಾಲೂ ಹಿಡದ್ಲು. ನಾ ಏನು ಮಾಡಬೇಕಿತ್ತು? ಆಕಿನ್ನ ಎಬ್ಬಿಸಿ ಗ್ವಾಡಿಗೆ ಆನಿಸಿ ಕುಂದರಿಸಿದೆ, ಅಷ್ಟ.

ಮೂರನೇ ದಿನಕ್ಕ ಫ್ಯಾಕ್ಟರಿ ಮಾಲಕ ಮನಿಗೆ ಬಂದಾನಂತ. ನಾ ಇರಲಿಲ್ಲ, ಊರವರು ಹೇಳಿದ್ದು. ಕುರ್ಚಿ ತಂದ್ರ ಬ್ಯಾಡಂದು ಬರೇ ನೆಲದ ಮ್ಯಾಲೆ ಕುಂತನಂತ. ಯಮನೂರಪ್ಪನ ಎರಡೂ ಕೈ ಹಿಡಕೊಂಡು ಮಾತಾಡಾಕ ಬರದ ಅತ್ತನಂತ. ಏಳೂ ಮುಂದ ತನ್ನ ಕೈಯಾಗಿನ ವಾಚ್ ಬಿಚ್ಚಿ ಯಮನೂರಪ್ಪನ ಕೈಗೆ ಕಟ್ಟಿ, ನಿನಗ ಕೊಡಾಕ ನನ್ನ ಹತ್ರ ಬ್ಯಾರೆ ಏನಿಲ್ಲ ಅಂತ ಕೈ ಮುಗದು ಹೋದನಂತ. ಕಾಯಿದೆ ಪ್ರಕಾರ ಕೊಡೂದು ಕೊಟ್ರು, ಅದರ ಸುದ್ದಿ ಯಾರೂ ಮಾತಾಡಲಿಲ್ಲ. ವಾಚಿನ ಸುದ್ದಿ ಮಾತ್ರ ಬೇವೂರು, ಯಲಬುರ್ಗಾ ತನಾ ಹೋತು.

ಇದಾಗಿ ಒಂದು ತಿಂಗಳಿಗೆ, ಒಂದು ರವಿವಾರ ಮುಂಜಾನಿ, ಮೂರೂ ಮಂದಿ ನಮ್ಮ ಮನಿಗೆ ಬಂದ್ರು. ಯಮನೂರಪ್ಪ, ಹುಲಿಗೆವ್ವ, ಸಣ್ಣ ಮಗ ರಮೇಶ. ಯಮನೂರಪ್ಪ ಕಿಸೆಯಿಂದ ಕೆಂಪು ವಸ್ತ್ರದ ಗಂಟು ತಗದು ಬಿಚ್ಚಿದ. ವಾಚಿನ ಗಾಜಿನ ಮ್ಯಾಲೆ ಮೂರು ಬೆರಳ ಈಬತ್ತಿ, ನಡಕ ಕುಂಕುಮ.

"ದೇವರ ಜಗಲಿ ಮ್ಯಾಲೆ ಇಟ್ಟಿದ್ವಿರಿ," ಅಂದ. "ದೊಡ್ಡವರು ಕಟ್ಟಿದ್ದು, ಕೈಯಾಗ ಹಾಕ್ಕೊಂಡು ಮಾಲು ಹೊರಾಕ ಮನಸ್ಸಾಗಲಿಲ್ಲ. ಒಂದೆರಡು ದಿನ ನಡೀತು, ಆಮ್ಯಾಲೆ ನಿಂತು ಬಿಡ್ತು. ಸೆಲ್ ಹೋಗಿರಬೇಕು ಅಂತ ಮೊಬೈಲ್ ಅಂಗಡಿಗೆ ಒಯ್ದೆ. ಆ ಹುಡುಗ ಒಂದು ನೋಟ ನೋಡಿದ, ಯಜ್ಜಾ ಇದು ಡುಪ್ಲಿಕೇಟು, ಅಸಲಿ ಆಗಿದ್ರ ನಿಂದರತಿತ್ತೇನು ಅಂತ ನಕ್ಕ. ಮುಚ್ಚಳಾ ಎಬ್ಬಸಾಕ ಚಾಕು ತಗದ. ನಾ ಕಸಗೊಂಡು ಬಂದೆ. ನಿಮಗ ವಾಚಿನ ವಿದ್ಯಾ ಗೊತ್ತೈತಿ ಅಂತ ಹನುಮೇಶ ಹೇಳತಿದ್ದ."

ಅಷ್ಟು ಆಗಿದ್ರ ನನಗ ಸಲೀಸಿತ್ತು. ಆದ್ರ ಯಮನೂರಪ್ಪನ ಮಾತು ಇನ್ನ ಮುಗದಿರಲಿಲ್ಲ. ಫ್ಯಾಕ್ಟರಿಯವರು ಹನುಮೇಶನ ಜಾಗಾದಾಗ ರಮೇಶನ್ನ ತಗೋತೀವಿ ಅಂದಿದ್ರು. ಮರುದಿನ ಹೂಂ ಇಲ್ಲಾ ಊಹೂಂ ಹೇಳಬೇಕಿತ್ತು.

"ನಾ ಒಂದ ತೀರ್ಮಾನ ಮಾಡೇನ್ರಿ ಮಾಸ್ತರ," ಅಂದ. "ಖೊಟ್ಟಿ ವಾಚ್ ಕಟ್ಟಿ ಹೋಗಿದ್ರ, ಅಂವ ನಮ್ಮ ಮನ್ಯಾಗ ಕುಂತು ಅತ್ತದ್ದೂ ಖೊಟ್ಟಿ. ಅಂಥವನ ಕೈಯಾಗ ಇನ್ನೊಂದು ಮಗನ್ನ ಕೊಡಂಗಿಲ್ಲ, ನಾನೂ ಆ ಗೇಟ್ ತುಳಿಯಂಗಿಲ್ಲ. ಖರೇ ಇದ್ರ, ಅವನ ದುಃಖಾನೂ ಖರೇ. ರಮೇಶನ್ನ ಕಳಸ್ತೀನಿ."

"ಏ ಯಮನೂರಪ್ಪ, ಹುಚ್ಚದೀಯೇನು? ವಾಚಿಗೂ ಮನಷ್ಯಾಗೂ ಏನ್ ಸಂಬಂಧಪಾ?" ಅಂತ ನಾ ಜೋರು ಮಾಡಿದೆ.

"ದೊಡ್ಡವರ ಮನಸ್ನಾಗ ಏನೈತಿ ಅಂತ ನಮಗೆಂಗ ಗೊತ್ತಾಗಬೇಕ್ರಿ? ಅವರು ಕಾರಿನ್ಯಾಗ ಹೋಗ್ತಾರ, ನಾವು ಗೇಟಿನ್ಯಾಗ ನಿಂದರತೀವಿ. ಅವರ ಕಡಿಂದ ನಮ್ಮ ಕೈಗೆ ಬಂದದ್ದು ಇದೊಂದ ನೋಡ್ರಿ."

ರಮೇಶನ್ನ ನೋಡಿದೆ. ಬಾಡಿಗಿ ಗೂಡ್ಸ್ ಆಟೋ ಹೊಡಿಯೂ ಹುಡುಗ, ಅವಗ ಕನಕಗಿರ್ಯಾಗ ಕನ್ಯಾ ನೋಡಿದ್ರು, ಅವರು ಕಂಪನಿ ನೌಕರಿ ಕೇಳಾಕತ್ತಿದ್ರು. "ಲಗೂನ ನೋಡ್ರಿ ಸರ್," ಅಂದ. ಅವಗ ಹೋಗೂದ ಬೇಕಾಗಿತ್ತು.

ಹುಲಿಗೆವ್ವ ಹೊಸ್ತಿಲದಾಗ ಕುಂತಿದ್ಲು. ಒಳಗ ಬಾ ಅಂದ್ರ ಬರಲಿಲ್ಲ. ನಾ ಭೂತಗನ್ನಡಿ ತರಾಕ ಎದ್ದೆ, ಆವಾಗ ಮೊದಲ ಸಲ ಬಾಯಿ ಬಿಟ್ಲು.

"ಬಿಚ್ಚೂದು ಬ್ಯಾಡ್ರಿ ಮಾಸ್ತರ. ಬಿಚ್ಚದಂಗ ನೋಡಿ ಹೇಳ್ರಿ. ನನ್ನ ಮಗನ್ನ ಬಿಚ್ಚಿ ನೋಡಿದ್ರಲ್ಲ, ಏನ್ ಸಿಕ್ತು ಅವರಿಗೆ?"

ನಮ್ಮಾಕಿ ಅಡಗಿ ಮನಿ ಬಾಗಿಲದಾಗ ಚಾ ಹಿಡಕೊಂಡು ಹಂಗ ನಿಂತಳು.

ಮೊದಲ ಗಾಜಿನ ಮ್ಯಾಲಿನ ಈಬತ್ತಿ ಉಜ್ಜಿ ಒರಸಿದೆ. ಅಂಗೈಯಾಗ ತೂಗಿದೆ. ಭಾರ ಇತ್ತು. ಅಷ್ಟರಾಗ ಯಮನೂರಪ್ಪ "ನಡದ್ವು, ನಡದ್ವು!" ಅಂತ ಚೀರಿದ. ನೋಡಿದ್ರ ಮುಳ್ಳು ಜಾರಾಕ ಹತ್ತಿದ್ವು. ಇದರಾಗ ಸೆಲ್ ಇರಂಗಿಲ್ಲಪಾ, ಕೈ ಅಲುಗಾಡಿದ್ರ ಒಳಗ ಒಂದು ತೂಕ ತಿರುಗಿ ತಾನ ಕೀಲಿ ಕೊಟ್ಟುಕೋತೈತಿ, ಜಗಲಿ ಮ್ಯಾಲೆ ಇಟ್ರ ನಿಂದರತೈತಿ, ಅದು ಐಬಲ್ಲ, ಇಂಥಾ ವಾಚಿನ ಗುಣಾನ ಹಂಗ ಅಂತ ಹೇಳಿದೆ.

"ಹಂಗಾದ್ರ ಅದಕ್ಕ ಯಾರದರ ಕೈ ಬೇಕು," ಅಂದ್ಲು ಹುಲಿಗೆವ್ವ, ಯಾರಿಗೂ ಅಲ್ಲದ.

ನಾ ತಲಿ ಎತ್ತಿ ಆಕಿನ್ನ ನೋಡಿದೆ. ಆಕಿ ಕಣ್ಣು ನನ್ನ ಬಾಯಿ ಮ್ಯಾಲಿದ್ವು. ನಾ ಏನು ಹೇಳಬೇಕು ಅಂತ ಅವು ಬೇಡಾಕತ್ತಿದ್ವು, ಕುರುಡಗೂ ತಿಳಿಯೂವಂಗ. ಖೊಟ್ಟಿ ಅನ್ರಿ. ಒಂದ ಮಾತು. ಖೊಟ್ಟಿ ಅಂದುಬಿಡ್ರಿ.

ದೇವರಾಣಿ ಮಾಡಿ ಹೇಳ್ತೀನಿ, ನಾ ಐಬು ಹುಡುಕಿದೆ. ಜೀವಮಾನದಾಗ ಯಾವ ವಾಚಿನ್ಯಾಗೂ ಅಷ್ಟು ಐಬು ಹುಡುಕಿಲ್ಲ. ಕೀಲಿ ತಿರುವಿದೆ, ಮೆತ್ತಗ ತಿರುಗಿತು. ಮುಳ್ಳು ಹಿಂದ ಮುಂದ ಮಾಡಿದೆ, ಎಲ್ಲೂ ಸಡಲ ಇರಲಿಲ್ಲ. ಭೂತಗನ್ನಡ್ಯಾಗ ಅಕ್ಷರ ನೋಡಿದೆ, ಒಂದರ ಅಂಚರ ಹರದಿರಲಿ ಅಂತ. ಚಾಣಾ ಹಿಡದು ಕೊರದಂಗ ಕುಂತಿದ್ವು. ತಾರೀಖು ಕಿಟಕಿ ನಟ್ಟನಡಕ ಇತ್ತು. ಬಾಜೂಕ, ಚೈನು ಕೂಡೂ ಸಂದಿನ್ಯಾಗ ಒಂದು ನಂಬರ್ ಇರತೈತಿ. ನಕಲಿ ಮಾಡೋರು ಅದನ್ನ ಆಸಿಡ್ಡಿಲೆ ಸುಟ್ಟಿರ್ತಾರ, ಗನ್ನಡ್ಯಾಗ ಉಸುಕು ಚೆಲ್ಲಿದಂಗ ಕಾಣತೈತಿ. ಇಲ್ಲಿ ಆಳಕ್ಕ ಕೊರದಿದ್ರು. ಕಡೀಕ ಅಬ್ಬಾನಂಗ ಕಿವಿ ಮುಚ್ಚಿ ಮುರಕ ಹಲ್ಲಿಲೆ ಹಿಡದೆ. ಸಪ್ಪಳ ಒಂದ ಸಮ ಇತ್ತು, ತಪ್ಪಲಿಲ್ಲ.

ಇನ್ನೊಂದು ಕಂಡಿತು. ಚೈನಿನ ಕೊಂಡಿ ಮ್ಯಾಲೆ ಗೀರು ಬಿದ್ದಿದ್ವು, ಮೇಜಿನ ಮ್ಯಾಲೆ ಕೈ ಊರಿ ಬರಿಯೋರ ವಾಚಿಗೆ ಬೀಳೂವಂಥಾ ಗೀರು. ಸಂದ್ಯಾಗ ಬೆವರಿನ ಕಿಟ್ಟ ಕುಂತಿತ್ತು. ಇದು ಕೊಡಾಕಂತ ತಂದದ್ದಲ್ಲ. ಭಾಳ ವರ್ಷ ಕಟ್ಟಿದ ವಾಚನ್ನ ಖರೇನ ಬಿಚ್ಚಿ ಕೊಟ್ಟಿದ್ದ.

ರಮೇಶಗ ಫೋನ್ ಬಂತು, ಹೊರಗ ಹೋದ. ಯಮನೂರಪ್ಪ ತಂಬಾಕ ಉಗುಳಾಕ ಅಂಗಳಕ್ಕ ಹೋದ. ಆವಾಗ ಹುಲಿಗೆವ್ವ ಸರಕ್ಕನ ಮುಂದ ಸರದು, ಸಣ್ಣ ದನಿಲೆ ಕೇಳಿದ್ಲು.

"ಮಾಸ್ತರ, ನಿಮ್ಮ ಕಣ್ಣು ಮೊದಲಿನಂಗ ಕಾಣ್ತಾವೇನ್ರಿ? ವಯಸ್ಸಾತು ನಿಮಗೂ. ಯಾರಿಗರ ತಪ್ಪು ಆಗಬಹುದಲ್ರಿ?"

ಒಂದು ಮಾತು ನಾಲಗಿ ತುದಿಗೆ ಬಂತು. ಹೂಂನವ್ವಾ, ತಪ್ಪು ಆಗಬಹುದು ಅಂತ. ಅಷ್ಟರಾಗ ಯಮನೂರಪ್ಪ ಒಳಗ ಬಂದು, ಟಾವೆಲ್ಲಿಲೆ ಬಾಯಿ ಒರಸಿಕೊಂಡು ನನ್ನೆದುರು ಮಂಡಿ ಊರಿ ಕುಂತ. ಆ ಮನಷ್ಯಾನ ಮಾರಿ ನೀವು ನೋಡಬೇಕಿತ್ತು. ಜಗತ್ತಿನ್ಯಾಗ ತನ್ನ ಮಗನ ಸಲುವಾಗಿ ದೊಡ್ಡಾಂವ ಒಬ್ಬ ಅತ್ತಾನೋ ಇಲ್ಲೋ ಅನ್ನೂದು ಅವಗ ಗೊತ್ತಾಗಬೇಕಿತ್ತು. ನಾ ಖೊಟ್ಟಿ ಅಂದಿದ್ರ, ನಿನ್ನ ಮಗಗ ಅವರು ಅತ್ತದ್ದು ನಾಟಕ ಅಂತ ಆ ತಂದಿಗೆ ಹೇಳಿದಂಗಾಗತಿತ್ತು, ಅದೂ ಸುಳ್ಳ. ಖರೇ ಅಂದ್ರ ಈ ತಾಯಿ. ನೀವಾಗಿದ್ರ ಏನ್ ಹೇಳತಿದ್ರಿ? ಸುಮ್ಮನ ಓದಬ್ಯಾಡ್ರಿ, ಹೇಳ್ರಿ ನೋಡೂಣು.

"ಖರೇ ಐತಿ," ಅಂದೆ. "ಅವರು ತಾವ ಕಟ್ಟತಿದ್ದ ವಾಚ ಇದು. ಆದ್ರ ಯಮನೂರಪ್ಪ, ವಾಚ್ ಖರೇ ಅಂದ್ರ ಆ ಬೆಲ್ಟಿಗೆ ಮಂದಿ ಸಿಗದಂಗ ಕಟಾಂಜನ ಹಾಕ್ಯಾರ ಅಂತಲ್ಲ. ಅಂವ ಅತ್ತಿರಬಹುದು, ಬೆಲ್ಟ್ ಅಲ್ಲೇ ತಿರುಗತೈತಿ. ಮೊದಲ ಅದನ್ನ ನೋಡಿ..."

ಖರೇ ಅನ್ನೂ ಮಾತಿನ ಮುಂದಿಂದು ಯಾರೂ ಕೇಳಲಿಲ್ಲ. ಯಮನೂರಪ್ಪ ವಾಚನ್ನ ಎರಡೂ ಕಣ್ಣಿಗೆ ಒತ್ತಿಕೊಂಡು ಹೋ ಅಂತ ಅತ್ತ. ಮಗ ಸತ್ತ ದಿನ ಅವನ ಕಣ್ಣಾಗ ಹನಿ ನೀರು ಬಂದಿರಲಿಲ್ಲ ಅಂತಿದ್ರು. ಬಾಗಿಲ ಹೊರಗ ರಮೇಶ ಫೋನಿನ್ಯಾಗ ಯಾರಿಗೋ "ಆತು, ಆತು, ನಾಳೆ ಹೋಗ್ತೀನಿ" ಅನ್ನಾಕತ್ತಿದ್ದ. ಹುಲಿಗೆವ್ವ ಆರಿದ ಚಾವನ್ನ ಒಂದ ಗುಟುಕಿಗೆ ಕುಡದು, ಕಪ್ಪು ತಾನ ತೊಳದಿಟ್ಟು, ಸೆರಗು ಹೊದ್ದುಕೊಂಡು ಎದ್ಲು. ಹೋಗಿ ಬರ್ತೀನಿ ಅಂತ ನಮ್ಮಾಕಿಗೆ ಹೇಳಿದ್ಲು, ನನಗ ಹೇಳಲಿಲ್ಲ.

ರಮೇಶ ನೌಕರಿಗೆ ಹೋದ. ಫ್ಯಾಕ್ಟರಿ ತನಾ ಹೋಗಿ ಬೆಲ್ಟಿನ ಸುದ್ದಿ ಕೇಳೂಣು ಅಂತ ಒಮ್ಮಿ ಹೊಂಟಿದ್ದೆ, ಗೇಟಿನಾಗ ನೀವ್ಯಾರು ಅಂದ್ರು. ಸತ್ತ ಹುಡುಗನ ಕನ್ನಡಾ ಮಾಸ್ತರ ಅನ್ನೂದು ಅಲ್ಲಿ ಯಾವ ಲೆಕ್ಕಕ್ಕೂ ಬರಂಗಿಲ್ಲ. ಬಿಸಲಾಗ ನಿಂತು ನಿಂತು ವಾಪಸ್ ಬಂದೆ.

ಮೊನ್ನೆ ಕೊಪ್ಪಳದ ಕಾಯಿಪಲ್ಲೆ ಸಂತ್ಯಾಗ ಹುಲಿಗೆವ್ವ ಸಿಕ್ಲು. ಚೀಲದಾಗ ಮೆಂತೆಸೊಪ್ಪು, ಬದನಿಕಾಯಿ. ಮೊದಲಿಗಿಂತ ಸೊರಗಿದ್ಲು. ನಾ ಕಂಡೂ ಕಾಣದಂಗ ದಾಟಿ ಹೋಗೂಣು ಅಂದ್ರ ಆಕೀನ ಎದುರು ಬಂದ್ಲು.

"ಚಲೋ ಅದೀರೇನ್ರಿ ಮಾಸ್ತರ?"

"ಹೂಂನವ್ವಾ. ರಮೇಶ?"

"ಅದಾನ್ರಿ. ಲಗ್ನ ಗೊತ್ತಾಗೇತಿ. ಅಪ್ಪ ಮಗ ಇಬ್ಬರೂ ಒಂದ ಪಾಳಿಗೆ ಹೋಗ್ತಾರ."

ನಾ ಸುಮ್ಮನಿರಬೇಕಿತ್ತು. ಇಷ್ಟು ದಿನ ಒಳಗ ಕೊರಿಯಾಕತ್ತಿದ್ದು ಬಾಯಿಗೆ ಬಂದುಬಿಡ್ತು. "ಹುಲಿಗೆವ್ವ, ಬ್ಯಾಸರಾ ಮಾಡ್ಕೋಬ್ಯಾಡ. ಆ ವಾಚ್ ಖರೇನ ಇತ್ತವ್ವಾ. ಇದ್ದದ್ದು ಹೇಳಿದೆ."

ಆಕಿ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ರ ಚಲೋ ಇತ್ತು.

"ವಾಚಿಂದು ಕೇಳಿದಾಂವ ನನ್ನ ಗಂಡ್ರಿ," ಅಂದ್ಲು. "ಅವಗ ನೀವು ಹೇಳಿದ್ರಿ. ನಾ ಒಂದು ಮಗನ್ನ ಕೇಳಿದ್ದೆ."

ಗಿಣಿಗೇರಾದ ಟೆಂಪೋದವ ಬರ್ರಿ ಬರ್ರಿ ಅಂತ ಒದರಾಕತ್ತಿದ್ದ. ಹುಲಿಗೆವ್ವ ಚೀಲ ಬಗಲಿಗೆ ಹಾಕ್ಕೊಂಡು ಲಗುಬಗಿಲೆ ಹತ್ತಿದ್ಲು. ಒಳಗ ಸೀಟಿತ್ತು, ಕುಂದರಲಿಲ್ಲ, ಬಾಗಿಲದ ಸಳಿ ಹಿಡಕೊಂಡು ನಿಂತಳು.

"ತಮ್ಮಾ, ಗಾಡಿ ಬಿಡೋ ಲಗೂನ," ಅಂತ ಡ್ರೈವರಗ ಅಂದ್ಲು. "ಪಾಳಿ ಬಿಡೂ ಹೊತ್ತಾತು. ಎಷ್ಟು ಮಂದಿ ಹೊರಗ ಬರ್ತಾರ ನಾ ನೋಡಬೇಕು."